‘ಕಲ್ಪ’ ಎಂದರೆ ಎಷ್ಟು ಕಾಲ?

ಮಾನ್ಯರೇ,

ಲಾಲ್‌ಬಾಗಿನ ಬಂಡೆಯನ್ನು ಕುರಿತ ಲೇಖನವೊಂದರ ಕರಡನ್ನು ತಿದ್ದುವಾಗ ‘ಈ ಬಂಡೆ ಹಲವು ಕಲ್ಪಗಳನ್ನು ಕಂಡಿದೆ’ ಎಂಬ ವಾಕ್ಯ ಎದುರಾಯಿತು. ಓದಲು ಸೊಗಸಾಗಿದೆ, ಆದರೆ ‘ಕಲ್ಪ’ವನ್ನು ಹೀಗೆ ‘ಬಹುದೀರ್ಘ ಕಾಲ’ ಎಂಬ ಸಡಿಲ ಅರ್ಥದಲ್ಲಿ ಬಳಸಬಹುದೇ ಎಂಬುದು ನನ್ನ ಪ್ರಶ್ನೆ.

ಪುರಾಣಗಳ ಮತ್ತು ಜ್ಯೋತಿಷ ಸಿದ್ಧಾಂತಗಳ ಲೆಕ್ಕದಲ್ಲಿ ಕಲ್ಪಕ್ಕೆ ಗೊತ್ತಾದ ಅಳತೆಯಿದೆ. 43,20,000 ವರ್ಷಗಳ ಮಹಾಯುಗ ಸಾವಿರ ಸಲ ಉರುಳಿದರೆ ಬ್ರಹ್ಮನಿಗೆ ಒಂದು ಹಗಲು. ಅದೇ ಒಂದು ಕಲ್ಪ, ಅಂದರೆ 432 ಕೋಟಿ ವರ್ಷ. ಪೂಜೆಯ ಸಂಕಲ್ಪದಲ್ಲಿ ಪುರೋಹಿತರು ‘ಶ್ವೇತವರಾಹಕಲ್ಪೇ’ ಎನ್ನುವಾಗ ಹೇಳುವುದು ಈಗ ನಡೆಯುತ್ತಿರುವ ಕಲ್ಪದ ಹೆಸರನ್ನು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂಮಿಗೇ ಸುಮಾರು 454 ಕೋಟಿ. ಹಾಗಾಗಿ ಬಂಡೆ ‘ಹಲವು’ ಕಲ್ಪಗಳಿರಲಿ, ಒಂದು ಕಲ್ಪದಷ್ಟು ಕಾಲವನ್ನೂ ಪೂರ್ತಿ ಕಂಡಿಲ್ಲ. (432 ಮತ್ತು 454 ಹತ್ತಿರವಿರುವುದನ್ನೇ ಹಿಡಿದು ಪೂರ್ವಿಕರಿಗೆ ಭೂಮಿಯ ವಯಸ್ಸು ತಿಳಿದಿತ್ತೆಂದು ವಾದಿಸುವವರ ಜೊತೆ ನಾನು ಸೇರಲಾರೆ.)

ಪದದ ಮೂಲದಲ್ಲಾದರೋ ಕಾಲದ ಸುಳಿವೇ ಇಲ್ಲ. ಸಂಸ್ಕೃತದ ಕ್ರಿಯಾಮೂಲಗಳ ಪಟ್ಟಿಯಾದ ಧಾತುಪಾಠದ ‘ಕೃಪೂ ಸಾಮರ್ಥ್ಯೇ’ ಎಂಬ ಧಾತುವಿನ ರೇಫ (ರಕಾರದ ಧ್ವನಿ) ಲಕಾರವಾಗಿ ‘ಕಲ್ಪತೇ’ ಎಂಬ ರೂಪ ಬರುತ್ತದೆ. ಹೊಂದು, ತಕ್ಕುದಾಗು, ಅಣಿಯಾಗು ಎಂದು ಅರ್ಥ. ‘ಸೂರ್ಯಾಚಂದ್ರಮಸೌ ಧಾತಾ ಯಥಾಪೂರ್ವಮಕಲ್ಪಯತ್’ ಎಂಬ ಋಗ್ವೇದದ ಮಾತಿನಲ್ಲಿ ಧಾತೃವು ಸೂರ್ಯಚಂದ್ರರನ್ನು ಹಿಂದಿನಂತೆಯೇ ಅಣಿಗೊಳಿಸಿದನೆಂದಿದೆ. ಯಜ್ಞದ ಕ್ರಮವನ್ನು ತಿಳಿಸುವ ವೇದಾಂಗದ ಹೆಸರೂ ಕಲ್ಪವೇ. ಒಮ್ಮೆ ಅಣಿಗೊಂಡ ಸೃಷ್ಟಿ ಕದಡಿಹೋಗುವವರೆಗಿನ ಅವಧಿಗೆ ಆ ಏರ್ಪಾಡಿನ ಹೆಸರೇ ನಿಂತಿತೆಂದು ನನ್ನ ಊಹೆ. ಅಶೋಕನ ಗಿರ್ನಾರ್ ಶಾಸನದಲ್ಲಿ ‘ಆವ ಸಂವಟಕಪಾ’, ಅಂದರೆ ಪ್ರಳಯದ ಕಲ್ಪದವರೆಗೆ, ಎಂದಿರುವುದರಿಂದ ಕ್ರಿ.ಪೂ. 3ನೆಯ ಶತಮಾನಕ್ಕಾಗಲೇ ಕಾಲದ ಅರ್ಥ ನೆಲೆಗೊಂಡಿತ್ತೆನ್ನಬಹುದು.

ಸ್ವಾರಸ್ಯವೆಂದರೆ, ಆ ಹಳೆಯ ಅರ್ಥ ಇಂದಿಗೂ ಬದುಕಿರುವುದು ನಮ್ಮ ‘ಕಲ್ಪಿಸು’ ಎಂಬ ಕ್ರಿಯಾಪದದಲ್ಲಿ. ‘ಕುಡಿಯುವ ನೀರಿನ ಸೌಲಭ್ಯ ಕಲ್ಪಿಸಲಾಗಿದೆ’ ಎಂದು ಪತ್ರಿಕೆ ಬರೆದಾಗ ಅಲ್ಲಿ ಕಲ್ಪನೆಯೇನೂ ಇಲ್ಲ (ಕೆಲವೊಮ್ಮೆ ಇರುವುದೂ ಉಂಟು!), ಏರ್ಪಾಡು ಮಾತ್ರ.

ಲೇಖಕರ ಪರವಾಗಿಯೂ ಒಂದು ಮಾತನ್ನು ಹೇಳಬೇಕು. ಪಾಲಿಯ ಬೌದ್ಧಗ್ರಂಥವಾದ ಸಂಯುತ್ತನಿಕಾಯದಲ್ಲಿ ಬುದ್ಧನು ಕಲ್ಪವನ್ನು ಇಷ್ಟು ವರ್ಷವೆಂದು ಎಣಿಸುವುದು ಸುಲಭವಲ್ಲವೆಂದು ಹೇಳಿ, ಯೋಜನದೆತ್ತರದ ಕಲ್ಲುಬೆಟ್ಟವೊಂದನ್ನು ನೂರು ವರ್ಷಕ್ಕೊಮ್ಮೆ ಕಾಶಿಯ ಬಟ್ಟೆಯಿಂದ ಸವರುತ್ತ ಬಂದರೆ ಬೆಟ್ಟವಾದರೂ ಸವೆದೀತು, ಕಲ್ಪ ಮುಗಿಯದು ಎನ್ನುತ್ತಾನೆ. ಆದರೆ ಅಲ್ಲಿಯೂ ಕಲ್ಪವೇ ಬಂಡೆಗಿಂತ ದೊಡ್ಡದು!

‘ಯುಗ’ಕ್ಕೂ ಶಾಸ್ತ್ರದಲ್ಲಿ ಅಳತೆಯುಂಟು, ಆದರೂ ‘ಕಾದ ಒಂದೊಂದು ಕ್ಷಣವೂ ಯುಗವಾಯಿತು’ ಎನ್ನುವಲ್ಲಿ ಕನ್ನಡಿಗರ ಬಾಯಲ್ಲಿ ಅದು ಎಂದೋ ಸಡಿಲಗೊಂಡಿದೆ. ಆದ್ದರಿಂದ ‘ಎಷ್ಟೋ ಯುಗಗಳನ್ನು ಕಂಡಿದೆ’ ಎಂದು ತಿದ್ದುವ ಮನಸ್ಸಿದೆ. ನಿಮ್ಮ ಕಡೆಯ ಆಡುಮಾತಿನಲ್ಲಿ ‘ಕಲ್ಪ’ವೂ ಹೀಗೆ ಬಳಕೆಯಲ್ಲಿದ್ದರೆ ಒಂದೆರಡು ವಾಕ್ಯಗಳ ಸಹಿತ ದಯವಿಟ್ಟು ತಿಳಿಸಿರಿ, ಲೇಖಕರ ವಾಕ್ಯವನ್ನು ಇದ್ದಂತೆಯೇ ಬಿಡುತ್ತೇನೆ.