ಎರಡನೇ ಮಹಡಿಯಲ್ಲಿ ಕಲಗಚ್ಚು ಯಾರಿಗೆ ಹಾಕಲಿ?

ಕೊಡೆ ಮರೆತವಳು (ಪ್ರಶ್ನೆ)

ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಕಸದ ಬುಟ್ಟಿ ಅಂತ ಒಂದಿತ್ತು ಅನ್ನೋದೇ ನೆನಪಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಅನ್ನ ಎಲ್ಲ ಕಲಗಚ್ಚಿನ ಬಕೆಟ್ಟಿಗೆ, ಅಲ್ಲಿಂದ ಕೊಟ್ಟಿಗೆಗೆ. ದರಗು (ಉದುರಿದ ಒಣ ಎಲೆ), ಸೊಪ್ಪು ಗೊಬ್ಬರಗುಂಡಿಗೆ. ಪೇಪರ್, ಅಡಿಕೆ ಸಿಪ್ಪೆ ಬಚ್ಚಲೊಲೆಗೆ. ಪ್ಲಾಸ್ಟಿಕ್ ಬಂದ ಮೇಲೆ ಅದೂ ಬಚ್ಚಲೊಲೆಗೇ ಹೋಯಿತು ಅನ್ನಿ. ತಪ್ಪು ಅಂತ ಆಗ ಯಾರಿಗೂ ಅನಿಸಲಿಲ್ಲ. ಹಂಡೆ ನೀರು ಕಾದರೆ ಸಾಕಿತ್ತು.

ಈಗ ಹನ್ನೊಂದು ವರ್ಷದಿಂದ ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆ ಮನೆ. ಎರಡನೇ ಮಹಡಿ. ಹಿತ್ತಲಿಲ್ಲ, ದನ ಇಲ್ಲ, ಬಚ್ಚಲಲ್ಲಿ ಗೀಸರ್. ನಾವಿಬ್ಬರು, ಮಗಳು, ಹಾಸಿಗೆ ಹಿಡಿದಿರುವ ನಮ್ಮತ್ತೆ.

ಹೋದ ತಿಂಗಳು ಸುಮ್ನೆ ಕುತೂಹಲಕ್ಕೆ ಒಂದು ವಾರ ಮನೆಯ ಕಸ ತೂಗಿದೆ. ಬ್ಯಾಗ್ ತೂಗಲು ತಂದಿದ್ದ ಕೊಕ್ಕೆ ತಕ್ಕಡಿ ಇತ್ತು. ಹಸಿ ಕಸ ಏಳು ಕೆಜಿ ಹತ್ತಿರ. ಒಣ ಕಸ ಒಂದು ಕೆಜಿಯೂ ಇಲ್ಲ, ಆದರೆ ಚೀಲ ಮಾತ್ರ ಉಬ್ಬಿಕೊಂಡು ಬಾಗಿಲಿಗೆ ಅಡ್ಡ. ಅತ್ತೆಯ ಡೈಪರ್ ಆರು ಕೆಜಿ. ಮುಂದಿನ ವಾರ ಅಣ್ಣ ಊರಿಂದ ಒಂದು ಹಲಸಿನ ಹಣ್ಣು ತಂದುಕೊಟ್ಟ. ತಿಂದದ್ದು ಅರ್ಧ. ಸಿಪ್ಪೆ, ಗೂಂಜು, ಮೇಣ ಒರೆಸಿದ ಪೇಪರ್ ಸೇರಿ ಆ ವಾರದ ಹಸಿ ಕಸ ಹದಿನಾಲ್ಕು ಕೆಜಿ! ಊರಲ್ಲಾಗಿದ್ದರೆ ಆ ಸಿಪ್ಪೆಗೆ ದನಗಳು ಹಗ್ಗ ಜಗ್ಗಿಕೊಂಡು ಬರುತ್ತಿದ್ದವು.

ಟೆರೇಸ್ ಮೇಲೆ ಕಾಂಪೋಸ್ಟ್ ಮಡಕೆ ಇಟ್ಟೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಆರಿದ್ರ ಮಳೆ ಹಿಡಿದದ್ದೇ ತಡ, ಒಳಗೆಲ್ಲ ರಾಡಿ. ಬೆರಳ ಗೆಣ್ಣಿನುದ್ದದ ಬೂದು ಹುಳಗಳು ಮುಚ್ಚಳ ದಾಟಿ ಮೆಟ್ಟಿಲು ಇಳಿಯುತ್ತಿದ್ದವು. ಕೆಳಗಿನ ಮನೆಯವರು ಏನೂ ಬೈಯಲಿಲ್ಲ, ಮೂಗು ಮುಚ್ಚಿಕೊಂಡು ನಕ್ಕರು. ಬೈದಿದ್ದರೇ ಚೆನ್ನಾಗಿತ್ತು.

ನನ್ನ ಪ್ರಶ್ನೆ ಹುಳದ್ದು ಮಾತ್ರ ಅಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ 2016ರ ಘನತ್ಯಾಜ್ಯ ನಿಯಮದಿಂದ ಹೇಳುತ್ತಲೇ ಇದ್ದಾರೆ. ಮಾಡುತ್ತಿದ್ದೇನೆ. ಆದರೆ ಕಸವನ್ನೇ ಕಡಿಮೆ ಮಾಡಿದವರಿಗೆ ಏನಿದೆ? ಕಸದ ಶುಲ್ಕ ಆಸ್ತಿ ತೆರಿಗೆ ಜೊತೆ ಕಟ್ಟಡದ ಲೆಕ್ಕದಲ್ಲಿ ಹೋಗುತ್ತದೆ, ಬಕೆಟ್ಟಿನ ಲೆಕ್ಕದಲ್ಲಲ್ಲ. ನಾನು ಅರ್ಧ ಬಕೆಟ್ ಕೊಟ್ಟರೂ, ಎದುರು ಮನೆಯವರು ಮೂರು ಚೀಲ ಕೊಟ್ಟರೂ ಗಾಡಿಯವರಿಗೆ ಒಂದೇ. ಸರ್ಕಾರ ಇದಕ್ಕೇನಾದರೂ ದಾರಿ ಮಾಡಬಹುದಾ?

ಭದ್ರಾವತಿ ಹುಡುಗ

ಮೇಡಂ, ನಾನು ಎರಡು ವರ್ಷ ದಕ್ಷಿಣ ಕೊರಿಯಾದಲ್ಲಿ ಕೆಲಸಕ್ಕಿದ್ದೆ. ಅಲ್ಲಿ 1995ರಿಂದ ಕಸ ಹಾಕೋಕೆ ಅವರದ್ದೇ ಚೀಲ ದುಡ್ಡು ಕೊಟ್ಟು ಕೊಳ್ಳಬೇಕು. ದೊಡ್ಡ ಚೀಲಕ್ಕೆ ದೊಡ್ಡ ರೇಟು. ಗಾಜು, ಕಾಗದ, ಡಬ್ಬ ವಿಂಗಡಿಸಿ ಇಟ್ಟರೆ ಫ್ರೀ. ಅನ್ನ ಸಾರಿನ ಕಸವನ್ನು ಹಾಗೇ ಹೂಳೋದನ್ನ 2005ರಲ್ಲೇ ನಿಲ್ಲಿಸಿದರು. ನಮ್ಮ ಅಪಾರ್ಟ್‌ಮೆಂಟಲ್ಲಿ ಒಂದು ಪೆಟ್ಟಿಗೆ ಇತ್ತು. ಕಾರ್ಡ್ ತೋರಿಸಿದರೆ ಮುಚ್ಚಳ ತೆರೆಯುತ್ತೆ, ಸುರಿದರೆ ತೂಕ ತೋರಿಸುತ್ತೆ, ಬಿಲ್ ತಿಂಗಳ ಕೊನೆಗೆ. ನನ್ನ ರೂಮ್‌ಮೇಟ್ ಆಂಧ್ರದವನು, ಸಾಂಬಾರಿನ ನೀರೆಲ್ಲ ಸೋಸಿ ತೂಕ ಕಮ್ಮಿ ಮಾಡಿ ಹಾಕುತ್ತಿದ್ದ. ದುಡ್ಡು ಅಂದರೆ ಬುದ್ಧಿ ತಾನೇ ಬರುತ್ತೆ. ನಮ್ಮಲ್ಲೂ ತೂಗಿ ದುಡ್ಡು ತಗೊಳ್ಳಲಿ.

ಕೊಡೆ ಮರೆತವಳು

ತೂಗಿದರೆ ನನಗೇ ಪೆಟ್ಟು ಕಣಪ್ಪ. ಹಲಸಿನ ಹಣ್ಣು ಬಿಡಬಹುದು (ಬಿಡಲ್ಲ, ಮಾತಿಗೆ ಹೇಳಿದೆ). ಅತ್ತೆಯ ಡೈಪರ್ ಹೇಗೆ ಕಡಿಮೆ ಮಾಡಲಿ? ಕಾಯಿಲೆ ಇರುವ ಮನೆಗೇ ಜಾಸ್ತಿ ಬಿಲ್ ಬಂದರೆ ಅದೆಂಥ ನ್ಯಾಯ?

ಹಳೇ ಸೀಟಿ

ನಾನು ನಿವೃತ್ತ ಆರೋಗ್ಯ ನಿರೀಕ್ಷಕ. ಮಲೆನಾಡಿನ ಒಂದೆರಡು ಪುರಸಭೆಗಳಲ್ಲಿ ಕೆಲಸ ಮಾಡಿದ್ದೇನೆ, ಹೆಸರು ಬೇಡ.

ತಂಗಿ, ನೀವು ಕೇಳಿದ್ದು ಸರಿಯಾಗೇ ಇದೆ. ಆದರೆ ಭದ್ರಾವತಿಯ ತಮ್ಮ ಹೇಳಿದಂತೆ ಚೀಲಕ್ಕೆ ದುಡ್ಡು ಅಂದರೆ ನಮ್ಮಲ್ಲಿ ಮೊದಲ ವಾರವೇ ಚೀಲಗಳು ರಾತ್ರಿ ಹೊಳೆ ದಂಡೆಗೆ ಹೋಗುತ್ತವೆ. ನಾನು ಬೆಳಗ್ಗೆ ಐದಕ್ಕೆ ಸೇತುವೆ ಹತ್ತಿರ ನಿಂತು ಸೀಟಿ ಊದಿದವನು. ಸ್ಕೂಟರ್ ನಿಲ್ಲಿಸದೇ, ಕಾಲ ಹತ್ತಿರ ಇಟ್ಟ ಚೀಲವನ್ನು ಎಡಗಾಲಲ್ಲಿ ಒದ್ದು ಹೊಳೆಗೆ ಬೀಳಿಸುವ ಕಲೆ ಕೆಲವರಿಗಿದೆ. ನೋಡಿದರೆ ಸರ್ಕಸ್ ಅನ್ನಬೇಕು.

ನಮ್ಮ ತಪ್ಪೂ ಹೇಳುತ್ತೇನೆ. ಜನ ಬೇರೆ ಮಾಡಿ ಕೊಟ್ಟದ್ದನ್ನು ಒಂದೇ ಗಾಡಿಗೆ ಸುರಿಸಿದ ದಿನಗಳಿವೆ. ಗಾಡಿ ಕೆಟ್ಟಿರುತ್ತಿತ್ತು, ಹುಡುಗರು ರಜೆ ಹಾಕಿರುತ್ತಿದ್ದರು, ಕಾರಣ ಏನೋ ಒಂದು. ಒಂದು ಅಜ್ಜಿ ಅದನ್ನು ನೋಡಿದರು. ಮಾರನೇ ದಿನದಿಂದ ಅವರು ಎಲ್ಲ ಕಲಸಿಯೇ ಕೊಟ್ಟರು. ನಾನು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ.

ನಿಮ್ಮ ಡೈಪರ್ ವಿಷಯಕ್ಕೆ ಬರುತ್ತೇನೆ. 2016ರ ನಿಯಮದಲ್ಲೇ ಬರೆದಿದ್ದರು: ಮರುಬಳಕೆ ಆಗುವ ಸಾಮಾನಿನಲ್ಲಿ ಮಾಡಲು ನೋಡಬೇಕು, ಇಲ್ಲ ಅಂದರೆ ಒಂದೊಂದು ಡೈಪರಿಗೂ ಸುತ್ತಿ ಎಸೆಯಲು ಒಂದು ಕವರ್ ಕಂಪನಿಯೇ ಕೊಡಬೇಕು. ನಿಮ್ಮ ಪ್ಯಾಕೆಟ್ಟಿನಲ್ಲಿ ಬರುತ್ತಾ, ನೋಡಿ ಹೇಳಿ. ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಚೆಟ್ ತರಹದ ಪ್ಲಾಸ್ಟಿಕ್ ವಾಪಸ್ ಸಂಗ್ರಹ ಮಾಡಿಸುವ ಹೊಣೆಯೂ ಕಂಪನಿಗಳದ್ದೇ ಅಂತ ನಿಯಮ ಇದೆ. 2022ರ ಜುಲೈ 1ರಿಂದ ನಿಷೇಧ ಆದದ್ದು ಸ್ಟ್ರಾ, ತಟ್ಟೆ, ಲೋಟ, ಚಮಚ ಇಂಥವು. ಚಿಪ್ಸ್ ಪ್ಯಾಕೆಟ್ ಆ ಪಟ್ಟಿಯಲ್ಲಿ ಇಲ್ಲ. ನಿಮ್ಮ ಒಣ ಚೀಲ ಉಬ್ಬುವುದು ಅದರಿಂದಲೇ, ಅಲ್ವಾ? ಅದನ್ನು ಮನೆ ಹೆಂಗಸರಿಂದ ಕಡಿಮೆ ಮಾಡಿಸುವುದಕ್ಕಿಂತ ತಯಾರಾಗುವ ಕಡೆ ಹಿಡಿಯುವುದು ಸುಲಭ.

ಇನ್ನೊಂದು. ನೂರು ಜನಕ್ಕಿಂತ ಜಾಸ್ತಿ ಸೇರಿಸಿ, ಲೈಸೆನ್ಸ್ ಇಲ್ಲದ ಜಾಗದಲ್ಲಿ ಕಾರ್ಯಕ್ರಮ ಮಾಡುವವರು ಪುರಸಭೆಗೆ ಮೂರು ಕೆಲಸದ ದಿನ ಮೊದಲೇ ತಿಳಿಸಬೇಕು, ಕಸ ಬೇರೆ ಮಾಡಿ ಕೊಡಬೇಕು ಅಂತಲೂ ಅದೇ ನಿಯಮದಲ್ಲಿತ್ತು. ನನ್ನ ಇಡೀ ಸರ್ವಿಸಿನಲ್ಲಿ ಹಾಗೆ ತಿಳಿಸಿದವರು ಒಬ್ಬರು. ಅವರು ಮದುವೆಗೆ ಕರೆಯಲು ಬಂದಿದ್ದರು, ಮಾತಿಗೆ ಹೇಳಿದರು.

ನನ್ನ ಕೇಳಿದರೆ ತೂಕಕ್ಕೆ ದಂಡ ಬೇಡ. ಹಸಿ ಕಸ ಮನೆಯಲ್ಲೇ ಮುಗಿಸುವವರಿಗೆ ಶುಲ್ಕದಲ್ಲಿ ಸೋಡಿ ಕೊಡಲಿ. ಆಸ್ಪತ್ರೆ ಕಸ ಇರುವ ಮನೆಯಿಂದ ಅದನ್ನು ಬೇರೆ ಒಯ್ಯಲಿ, ದುಡ್ಡು ಕೇಳದೆ.

ಹೊಸನಗರ ತೋಟ

ಅಕ್ಕಾ, ಆ ಹುಳ ಕೆಟ್ಟದ್ದಲ್ಲ. ಕಪ್ಪು ನೊಣದ ಮರಿ. ಕಸ ಬೇಗ ತಿಂದು ಮುಗಿಸುತ್ತೆ. ನೀರು ಜಾಸ್ತಿ ಆದಾಗ ಹೊರಗೆ ಬರುತ್ತೆ ಅಷ್ಟೇ. ಮಡಕೆ ಮಳೆಗೆ ಇಡಬೇಡಿ, ಮೆಟ್ಟಿಲ ಕೆಳಗೆ ಇಡಿ. ಒಂದು ಬೊಗಸೆ ಹಸಿ ಕಸಕ್ಕೆ ಎರಡು ಬೊಗಸೆ ಒಣ ದರಗು. ಸಾಮಿಲ್ಲಿನ ಹೊಟ್ಟೂ ಆಗುತ್ತೆ. ಹಲಸಿನ ಸಿಪ್ಪೆ ಇಡಿಯಾಗಿ ಹಾಕಬೇಡಿ, ಕತ್ತಿಯಲ್ಲಿ ಕೊಚ್ಚಿ ಒಂದು ದಿನ ಆರಲು ಬಿಡಿ. ಮಳೆಗಾಲಕ್ಕೆ ಬೇಕಾದ ದರಗು ಬೇಸಿಗೆಯಲ್ಲೇ ಕೂಡಿಡಬೇಕು. ಕೊಟ್ಟಿಗೆಗೆ ಅಮ್ಮ ಅದನ್ನೇ ಮಾಡುತ್ತಿದ್ದದ್ದು, ಮರೆತಿರಾ?

ಭದ್ರಾವತಿ ಹುಡುಗ

ಹಳೇ ಸೀಟಿ ಸರ್, ಸೋಡಿ ಅಂದರೆ ಸುಳ್ಳು ಹೇಳಿ ತಗೊಳ್ಳಲ್ವಾ ಜನ?

ಹಳೇ ಸೀಟಿ

ತಗೊಳ್ಳುತ್ತಾರೆ. ಗಾಡಿಯ ಹುಡುಗನನ್ನು ಕೇಳಿ. ಯಾವ ಮನೆಯ ಬಕೆಟ್ ಎಷ್ಟು ಭಾರ ಅಂತ ಅವನ ಭುಜಕ್ಕೆ ಗೊತ್ತಿರುತ್ತೆ.

ಕೊಡೆ ಮರೆತವಳು

ಸರ್, ಪ್ಯಾಕೆಟ್ ಎರಡೂ ಕಡೆ ತಿರುವಿ ನೋಡಿದೆ. ಒಳಗೆ ಕವರ್ ಇಲ್ಲ. ಹೊರಗೆ ನಗುವ ಮುದುಕರ ಫೋಟೋ ಇದೆ.

ಹೊಸನಗರದ ತಮ್ಮ ಹೇಳಿದ್ದು ಮಾಡಿದೆ. ಮಡಕೆ ಈಗ ಮೆಟ್ಟಿಲ ಕೆಳಗೆ, ಕೆಳಗಿನ ಮನೆಯವರನ್ನು ಕೇಳಿಯೇ ಇಟ್ಟೆ. ಅವರ ಸಿಪ್ಪೆಯೂ ಈಗ ಅದಕ್ಕೇ ಬೀಳುತ್ತಿದೆ. ಶ್ರಾದ್ಧಕ್ಕೆ ಊರಿಗೆ ಹೋದವಳು ಅಟ್ಟದ ಮೇಲಿದ್ದ ಒಣ ದರಗು ಎರಡು ಗೊಬ್ಬರದ ಚೀಲಕ್ಕೆ ತುಂಬಿಸಿಕೊಂಡು ಬಸ್ ಹತ್ತಿದೆ. ಕಂಡಕ್ಟರ್ ಚೀಲ ಒತ್ತಿ ನೋಡಿ, "ಏನಮ್ಮ ಇದು, ಅಡಿಕೆನಾ?" ಅಂದ. ದರಗು ಅಂದೆ. "ಶಿವಮೊಗ್ಗಕ್ಕೆ ಕಸ ಕೊಂಡೊಯ್ತೀರಾ?" ಅಂತ ಜೋರಾಗಿ ಕೇಳಿದ. ಇಡೀ ಬಸ್ ತಿರುಗಿ ನೋಡಿತು. ಎರಡು ಚೀಲಕ್ಕೂ ಲಗೇಜ್ ಟಿಕೆಟ್ ಹರಿದ.