ವೆಬ್ ಕಂಡ ಆದಿಕಾಲದ ಗ್ಯಾಲಕ್ಸಿಗಳು: ತಿದ್ದಬೇಕಾದದ್ದು ಮಹಾಸ್ಫೋಟ ಸಿದ್ಧಾಂತವನ್ನೋ, ನಕ್ಷತ್ರಗಳ ಲೆಕ್ಕವನ್ನೋ?

ಧ್ರುವತಾರೆ (ಪ್ರಶ್ನೆ):

ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು 2022ರ ಜುಲೈಯಲ್ಲಿ ಹೊರಬಂದಾಗಿನಿಂದ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಮಹಾಸ್ಫೋಟವಾಗಿ ಮೂವತ್ತು ಕೋಟಿ ವರ್ಷಗಳೂ ಕಳೆದಿರದ ಕಾಲದಲ್ಲೇ ಯಾರೂ ನಿರೀಕ್ಷಿಸದಷ್ಟು ಪ್ರಕಾಶಮಾನವಾದ ಗ್ಯಾಲಕ್ಸಿಗಳಿದ್ದವು, ಹಾಗಾಗಿ ವಿಶ್ವದ ಉಗಮದ ಬಗ್ಗೆ ನಾವು ಒಪ್ಪಿಕೊಂಡಿರುವ ಚಿತ್ರವೇ ಬುಡಮೇಲಾಗಿದೆ ಎಂಬುದು ಆ ಮಾತು. 2024ರಲ್ಲಿ ಜೇಡ್ಸ್-ಜಿಎಸ್-ಝಡ್14-0, ಮರುವರ್ಷ ಮಾಮ್-ಝಡ್14 ಎಂಬ ಗ್ಯಾಲಕ್ಸಿಗಳ ಸುದ್ದಿ ಬಂದಾಗಲೂ ಇದೇ ವಾದ ಕೇಳಿಸಿತು. ನನಗೆ ಎರಡು ವಿಷಯಗಳು ಸ್ಪಷ್ಟವಾಗಬೇಕಿದೆ. ಚಿತ್ರದಲ್ಲಿ ಸಣ್ಣ ಕಲೆಯಂತೆ ಕಾಣುವ ವಸ್ತು ಅಷ್ಟು ಹಳೆಯದೆಂದು ಹೇಗೆ ನಿರ್ಧರಿಸುತ್ತಾರೆ? ಆ ನಿರ್ಧಾರ ಸರಿಯಾಗಿದ್ದರೆ, ನಿಜಕ್ಕೂ ತಪ್ಪಿರುವುದು ಎಲ್ಲಿ?

ರೋಹಿತಪ್ರಿಯ:

ಮೊದಲನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದು ಇತ್ಯರ್ಥವಾಗದೆ ಎರಡನೆಯದಕ್ಕೆ ಅರ್ಥವಿಲ್ಲ. ಗ್ಯಾಲಕ್ಸಿಗಳ ನಡುವೆ ಹರಡಿರುವ ಜಲಜನಕವು 121.6 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಅತಿನೇರಳೆ ಬೆಳಕನ್ನು ಬಹುಪಾಲು ಹೀರಿಬಿಡುತ್ತದೆ. ಹಾಗಾಗಿ ಅತಿ ದೂರದ ಗ್ಯಾಲಕ್ಸಿಯ ರೋಹಿತದಲ್ಲಿ, ಅಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ಪಟ್ಟಿಯಲ್ಲಿ, ಒಂದು ಹಂತದವರೆಗೆ ಏನೂ ಕಾಣದೆ, ಅಲ್ಲಿಂದ ಮುಂದೆ ಬೆಳಕು ಥಟ್ಟನೆ ಆರಂಭವಾಗುತ್ತದೆ. ವಿಶ್ವ ಹಿಗ್ಗುತ್ತಾ ಬಂದಂತೆ ಪ್ರಯಾಣದಲ್ಲಿರುವ ಬೆಳಕಿನ ತರಂಗಾಂತರವೂ ಹಿಗ್ಗುತ್ತದೆ. ಜೇಡ್ಸ್-ಜಿಎಸ್-ಝಡ್14-0ರಲ್ಲಿ (ಮುಂದೆ ಚಿಕ್ಕದಾಗಿ ಝಡ್14-0) ಆ ಅಂಚು 121.6ರ ಬದಲು ಸುಮಾರು 1,850 ನ್ಯಾನೊಮೀಟರಿನಲ್ಲಿದೆ, ಅಂದರೆ ಹದಿನೈದು ಪಟ್ಟು ಹಿಗ್ಗಿ ಅವಕೆಂಪಿಗೆ ಸರಿದಿದೆ. ಈ ಹಿಗ್ಗುವಿಕೆಯಿಂದ ಒಂದನ್ನು ಕಳೆದರೆ ಸಿಗುವುದೇ ಕೆಂಪು ಪಲ್ಲಟ, ಸುಮಾರು 14.2. ಆ ಬೆಳಕು ಹೊರಟಾಗ ವಿಶ್ವದ ವಯಸ್ಸು 30 ಕೋಟಿ ವರ್ಷಗಳ ಆಸುಪಾಸಿನಲ್ಲಿತ್ತು. ಈಗ ಅದು 1,380 ಕೋಟಿ ವರ್ಷ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಬೇರೆ ಬೇರೆ ಫಿಲ್ಟರುಗಳಲ್ಲಿ ತೆಗೆದ ಚಿತ್ರಗಳ ಹೊಳಪನ್ನು ಹೋಲಿಸಿ ದೂರವನ್ನು ಅಂದಾಜಿಸುವುದು ಬೇರೆ, ರೋಹಿತವನ್ನೇ ಬಿಡಿಸಿ ನೋಡುವುದು ಬೇರೆ. ಸೀರ್ಸ್-93316 ಎಂಬ ವಸ್ತುವಿಗೆ 2022ರಲ್ಲಿ ಚಿತ್ರಗಳ ಆಧಾರದ ಮೇಲೆ 16ಕ್ಕೂ ಹೆಚ್ಚಿನ ಕೆಂಪು ಪಲ್ಲಟವನ್ನು ಅಂದಾಜಿಸಲಾಗಿತ್ತು. ಮರುವರ್ಷ ವೆಬ್‌ನದೇ ರೋಹಿತದರ್ಶಕದಿಂದ ಪರೀಕ್ಷಿಸಿದಾಗ ಅದು ಕೇವಲ 4.9 ಎಂದು ತಿಳಿಯಿತು. ಜಲಜನಕ ಮತ್ತು ಆಮ್ಲಜನಕದ ತೀವ್ರ ರೇಖೆಗಳು (ಆಯಾ ಧಾತು ತನ್ನದೇ ತರಂಗಾಂತರಗಳಲ್ಲಿ ಸೂಸುವ ಬೆಳಕು) ಕೆಲವು ಫಿಲ್ಟರುಗಳಲ್ಲಿ ಹೊಳಪನ್ನು ಹೆಚ್ಚಿಸಿ, ಇಲ್ಲದ ಅಂಚೊಂದನ್ನು ಇರುವಂತೆ ತೋರಿಸಿದ್ದವು. ಆದ್ದರಿಂದ ಹೊಸ ದಾಖಲೆಯ ಸುದ್ದಿ ಓದುವಾಗ ರೋಹಿತದಿಂದ ದೃಢಪಟ್ಟಿದೆಯೇ ಎಂಬುದನ್ನು ಮೊದಲು ನೋಡಬೇಕು. ನೀವು ಹೆಸರಿಸಿದ ಎರಡೂ ಗ್ಯಾಲಕ್ಸಿಗಳು ಹಾಗೆ ದೃಢಪಟ್ಟಿವೆ. ಝಡ್14-0ರ ವಿಷಯದಲ್ಲಂತೂ ಚಿಲಿಯ ಅಟಕಾಮಾ ಮರುಭೂಮಿಯಲ್ಲಿರುವ ಆಲ್ಮಾ ರೇಡಿಯೊ ದೂರದರ್ಶಕದ ಮೂಲಕ ಎರಡು ಪ್ರತ್ಯೇಕ ತಂಡಗಳು ಆಮ್ಲಜನಕದ ರೇಖೆಯನ್ನು ಗುರುತಿಸಿದ್ದು, 2025ರ ಮಾರ್ಚಿನಲ್ಲಿ ಅದು ಪ್ರಕಟವಾಯಿತು. ಮೂಲದಲ್ಲಿ 88 ಮೈಕ್ರಾನಿನ ಆ ರೇಖೆ ನಮ್ಮನ್ನು ತಲುಪುವಾಗ 1.3 ಮಿಲಿಮೀಟರ್ ಆಗಿತ್ತು.

ಆಕಾಶವೀಕ್ಷಕ:

ಎರಡನೆಯ ಪ್ರಶ್ನೆಗೆ ಬರೋಣ. ದೂರದರ್ಶಕ ಅಳೆಯುವುದು ಬೆಳಕನ್ನೇ ಹೊರತು ದ್ರವ್ಯರಾಶಿಯನ್ನಲ್ಲ. ಇಂತಿಷ್ಟು ಹೊಳಪಿಗೆ ಇಂತಿಷ್ಟು ನಕ್ಷತ್ರಗಳಿರಬೇಕು ಎಂಬ ಲೆಕ್ಕವನ್ನು ನಾವು ನಮ್ಮ ಸುತ್ತಲಿನ ಗ್ಯಾಲಕ್ಸಿಗಳಿಂದ ಕಲಿತು ಅಲ್ಲಿಗೂ ಅನ್ವಯಿಸುತ್ತೇವೆ. ಸೂರ್ಯನ ಹತ್ತು ಪಟ್ಟು ದ್ರವ್ಯರಾಶಿಯ ನಕ್ಷತ್ರವು ಸೂರ್ಯನಿಗಿಂತ ಸಾವಿರಾರು ಪಟ್ಟು ಹೆಚ್ಚು ಬೆಳಗುತ್ತದೆ, ಆದರೆ ಕೆಲವೇ ಕೋಟಿ ವರ್ಷಗಳಲ್ಲಿ ಮುಗಿದುಹೋಗುತ್ತದೆ. ಆದಿಕಾಲದ ಅನಿಲದಲ್ಲಿ ಭಾರೀ ನಕ್ಷತ್ರಗಳೇ ಹೆಚ್ಚಾಗಿ ಹುಟ್ಟಿದ್ದರೆ, ಕಡಿಮೆ ದ್ರವ್ಯದಿಂದಲೇ ಅಷ್ಟು ಹೊಳಪು ಸಾಧ್ಯ. ನಕ್ಷತ್ರಗಳು ಒಂದೇ ಸಮನೆ ಹುಟ್ಟದೆ ಅಲೆ ಅಲೆಯಾಗಿ ಹುಟ್ಟಿದ್ದರೂ ಹಾಗೆಯೇ, ಏಕೆಂದರೆ ಉಬ್ಬರದಲ್ಲಿರುವ ಗ್ಯಾಲಕ್ಸಿಗಳೇ ನಮ್ಮ ಕಣ್ಣಿಗೆ ಬೀಳುತ್ತವೆ. ಧೂಳು ಕಡಿಮೆಯಿದ್ದರೆ ಬೆಳಕು ತಡೆಯಿಲ್ಲದೆ ಹೊರಬರುತ್ತದೆ.

ನನಗೆ ಹೆಚ್ಚು ಮನಸ್ಸಿಗೆ ಹಿಡಿಸಿರುವುದು ಇನ್ನೊಂದು ವಿವರಣೆ. ಇಂದಿನ ಗ್ಯಾಲಕ್ಸಿಗಳಲ್ಲಿ ಮೊದಲು ಹುಟ್ಟಿದ ಭಾರೀ ನಕ್ಷತ್ರಗಳ ಮಾರುತ ಮತ್ತು ಸ್ಫೋಟಗಳು ಉಳಿದ ಅನಿಲವನ್ನು ಚದುರಿಸಿಬಿಡುವುದರಿಂದ, ಅದರ ಅಲ್ಪ ಪಾಲು ಮಾತ್ರ ನಕ್ಷತ್ರವಾಗುತ್ತದೆ. ಆದರೆ ಆಗಿನ ಅನಿಲ ಅತ್ಯಂತ ದಟ್ಟವಾಗಿತ್ತು. ಆ ಚದುರುವಿಕೆ ಆರಂಭವಾಗುವ ಮೊದಲೇ ಅನಿಲವು ಕುಸಿದು ನಕ್ಷತ್ರಗಳಾಗಿಬಿಟ್ಟಿದ್ದರೆ, ಗ್ಯಾಲಕ್ಸಿಗಳು ಅಷ್ಟು ಬೇಗ ಬೆಳೆದದ್ದರಲ್ಲಿ ಸೋಜಿಗವಿಲ್ಲ. ಇವುಗಳಲ್ಲಿ ಯಾವುದೂ ಮಹಾಸ್ಫೋಟದ ಚೌಕಟ್ಟನ್ನು ಮುಟ್ಟುವುದಿಲ್ಲ. ಆ ಚೌಕಟ್ಟು ನಿಂತಿರುವುದು ವಿಶ್ವದ ಹಿಗ್ಗುವಿಕೆ, ಹೀಲಿಯಮ್ ಮುಂತಾದ ಹಗುರ ಧಾತುಗಳ ಪ್ರಮಾಣ ಮತ್ತು ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷಗಳಾಗಿದ್ದಾಗ ಹೊರಟು ಇಂದಿಗೂ ಎಲ್ಲ ದಿಕ್ಕುಗಳಿಂದ ಬರುತ್ತಿರುವ ಹಿನ್ನೆಲೆ ವಿಕಿರಣದ ಮೇಲೆ.

ಧ್ರುವತಾರೆ:

ಇಬ್ಬರಿಗೂ ಕೃತಜ್ಞತೆಗಳು. ಆದರೆ 2023ರ ಆರಂಭದಲ್ಲಿ ಆರು ದೈತ್ಯ ಗ್ಯಾಲಕ್ಸಿಗಳ ಬಗ್ಗೆ ಪ್ರಕಟವಾದ ಲೇಖನದಲ್ಲಿ ವಾದವಿದ್ದದ್ದು ಹೊಳಪಿನ ಬಗ್ಗೆಯಲ್ಲ, ಅಷ್ಟು ಬೇಗ ಕೂಡಿಬರಲಾಗದಷ್ಟು ಹೆಚ್ಚೆಂದು ಕಂಡ ದ್ರವ್ಯರಾಶಿಯ ಬಗ್ಗೆ. ಅದಕ್ಕೂ ಇದೇ ಸಮಾಧಾನ ಸಾಕಾಗುತ್ತದೆಯೇ?

ನೀಹಾರಿಕೆ:

ಪೂರ್ತಿಯಾಗಿ ಸಾಕಾಗುವುದಿಲ್ಲ, ಅಲ್ಲಿ ಕಪ್ಪುಕುಳಿಗಳ ಪಾತ್ರವನ್ನೂ ಪರಿಗಣಿಸಬೇಕು. ವೆಬ್ ಚಿತ್ರಗಳಲ್ಲಿ ಕಂಡುಬಂದ, ಪುಟ್ಟ ಕೆಂಪು ಚುಕ್ಕೆಗಳೆಂದು ಕರೆಯಲಾಗುವ ಸಾಂದ್ರ ವಸ್ತುಗಳಲ್ಲಿ ಹಲವು, ಅನಿಲವನ್ನು ಕಬಳಿಸುತ್ತಿರುವ ಕಪ್ಪುಕುಳಿಗಳಿರಬೇಕೆಂದು ಅನಿಲದ ಅತಿವೇಗದ ಚಲನೆಯನ್ನು ತೋರುವ ಅವುಗಳ ಅಗಲವಾದ ಜಲಜನಕ ರೇಖೆಗಳು ಸೂಚಿಸುತ್ತವೆ. ಆ ಬೆಳಕನ್ನೆಲ್ಲ ನಕ್ಷತ್ರಗಳದ್ದೆಂದು ಎಣಿಸಿದರೆ ದ್ರವ್ಯರಾಶಿ ವಿಪರೀತ ಹೆಚ್ಚಾಗಿ ಕಾಣುವುದು ಸಹಜ. ಇಂಥ ವಸ್ತುಗಳನ್ನು ಬದಿಗಿಟ್ಟು ಮಾಡಿದ, 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಉಳಿದ ಗ್ಯಾಲಕ್ಸಿಗಳು ಸಿದ್ಧಾಂತ ಅನುಮತಿಸುವ ಮಿತಿಯೊಳಗೇ ಬಂದವು. ಆದರೂ ಭಾರೀ ಗ್ಯಾಲಕ್ಸಿಗಳ ಸಂಖ್ಯೆ ನಿರೀಕ್ಷೆಯ ಸುಮಾರು ಎರಡರಷ್ಟಿತ್ತು. ಇದನ್ನು ಯಾರೂ ಮರೆಮಾಚಬಾರದು, ಹಾಗೆಂದು ಸಿದ್ಧಾಂತದ ಪತನವೆಂದು ಸಾರಲೂಬಾರದು.

ಆಕಾಶವೀಕ್ಷಕರು ಹೇಳಿದ ವಿವರಣೆಗಳಲ್ಲಿ ಯಾವುದು ಸರಿ ಎಂಬುದನ್ನು ಹೊಳಪೊಂದರಿಂದಲೇ ತೀರ್ಮಾನಿಸಲಾಗದು. ಧಾತುಗಳ ಪ್ರಮಾಣವನ್ನು ನೋಡಬೇಕು. ಜಿಎನ್-ಝಡ್11 ಎಂಬ ಇನ್ನೊಂದು ಆದಿಕಾಲದ ಗ್ಯಾಲಕ್ಸಿ ಮತ್ತು ಮಾಮ್-ಝಡ್14 ಎರಡರಲ್ಲೂ ಸಾರಜನಕವು ಅಸಹಜವಾಗಿ ಹೆಚ್ಚಿದೆ. ನಮ್ಮ ಗ್ಯಾಲಕ್ಸಿಯ ಪುರಾತನ ಗೋಳಗುಚ್ಛಗಳ (ಚೆಂಡಿನಂತೆ ಒತ್ತಾಗಿ ನೆರೆದ ನಕ್ಷತ್ರಸಮೂಹಗಳ) ಕೆಲವು ನಕ್ಷತ್ರಗಳಲ್ಲೂ ಇದೇ ಲಕ್ಷಣವಿರುವುದರಿಂದ, ಬಹಳ ಇಕ್ಕಟ್ಟಾದ ಜಾಗದಲ್ಲಿ ಹುಟ್ಟಿದ ಅತಿಭಾರದ ನಕ್ಷತ್ರಗಳೇ ಇದಕ್ಕೆ ಕಾರಣವಿರಬಹುದೆಂಬ ಊಹೆಗೆ ಬಲ ಬಂದಿದೆ. ಝಡ್14-0ರದು ಬೇರೆಯೇ ಬಗೆ: ಅದರ ಬೆಳಕು 1,600 ಜ್ಯೋತಿರ್ವರ್ಷಗಳಿಗೂ ಮಿಗಿಲಾದ ಅಗಲದಲ್ಲಿ ಹರಡಿದೆ, ಆದ್ದರಿಂದ ಅದನ್ನು ಒಂದೇ ಕಪ್ಪುಕುಳಿಯ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ. ಎರಡೂ ಬಗೆಯ ಗ್ಯಾಲಕ್ಸಿಗಳಿಗೆ ಒಂದೇ ವಿವರಣೆ ಹೊಂದುತ್ತದೆಂದು ನನಗೆ ಅನ್ನಿಸುವುದಿಲ್ಲ.