ಅಪ್ಪನ ಪಾಲಿನ 90 ದಿನ

"ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗುವಿಗೆ ಹತ್ತು ತಿಂಗಳು, ನಾನು ಕೆಲಸ ಬಿಡಲೋ ಇಲ್ಲ ಊರಿಂದ ಅತ್ತೆಯವರನ್ನು ಕರೆಸಲೋ" ಅಂತ ಸ್ವೀಡನ್‌ನಲ್ಲಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಹೊಸದಾಗಿ ಬಂದ ತಂಗಿಯೊಬ್ಬರು ಕೇಳಿದ್ದರು. ಜಾಸ್ತಿ ಮಂದಿ "ನಮ್ಮ ಅವ್ವಂದಿರ ಕಾಲವೇ ಚೆನ್ನಾಗಿತ್ತು" ಅಂದರು. ಆ ಕಾಲವನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಮ್ಮದು ಬಾಗಲಕೋಟೆ ಜಿಲ್ಲೆಯ ಇಳಕಲ್, ನೇಕಾರರ ಮನೆ. ಪಡಸಾಲೆಯಲ್ಲೇ ಕುಣಿ ಮಗ್ಗ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಏಳುತ್ತಿದ್ದದ್ದು ಊಟಕ್ಕೆ. ಪಕ್ಕದಲ್ಲಿ ಅವ್ವ ರಾಟಿ ತಿರುಗಿಸಿ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಬಲಗೈ ರಾಟಿಗೆ, ಎಡಗೈ ನೂಲಿಗೆ, ತಮ್ಮನ ತೊಟ್ಟಿಲ ಹಗ್ಗ ಕಾಲಿನ ಹೆಬ್ಬೆರಳಿಗೆ. ನಡುವೆ ಎದ್ದು ಹೋಗಿ ರೊಟ್ಟಿ ಬಡಿದು ಬರುತ್ತಿದ್ದಳು. ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುವಾಗಲೂ ಅವಳ ಕೈ ಇರುತ್ತಿತ್ತು. ಅಪ್ಪ, ಅವ್ವ ಇಬ್ಬರೂ ಇಡೀ ದಿನ ಕಣ್ಣೆದುರೇ. ಅದು ನನಗೆ ಸಿಕ್ಕ ದೊಡ್ಡ ಭಾಗ್ಯ, ಸುಳ್ಳಲ್ಲ. ಆದರೆ ಮಜೂರಿ ಲೆಕ್ಕ ಹಾಕುತ್ತಿದ್ದದ್ದು ಸೀರೆಗೆ. ಅವ್ವನ ಕಂಡಿಕೆಗೆ ಬೇರೆ ಕೂಲಿ ಇರಲಿಲ್ಲ. ಬಾಣಂತನ ಮುಗಿಯುವ ಮೊದಲೇ ಅವಳು ರಾಟಿ ಮುಂದೆ ಕೂತಿದ್ದಳು. ಆ ಕಾಲವೇ ಚೆನ್ನಾಗಿತ್ತು ಅಂತ ಅವಳೆದುರು ಹೇಳಲು ನನಗೆ ಬಾಯಿ ಬರುವುದಿಲ್ಲ.

ಅಕ್ಕ ಬೆಂಗಳೂರಿನಲ್ಲಿ ನೌಕರಿ ಹಿಡಿದಳು. 2014ರಲ್ಲಿ ಮೊದಲ ಮಗು ಆದಾಗ ಸಿಕ್ಕಿದ್ದು 12 ವಾರದ ರಜೆ. ಮೂರು ತಿಂಗಳ ಕೂಸನ್ನು ಇಳಕಲ್ಲಿನಲ್ಲಿ ಅವ್ವನ ಹತ್ತಿರ ಬಿಟ್ಟು, ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸು ಹತ್ತಿ ಬರುತ್ತಿದ್ದಳು. ಬಂದಾಗ ಕೂಸು ಅವಳ ಕೈಗೆ ಹೋಗದೆ ಅವ್ವನ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದಿ 26 ವಾರ ಮಾಡಿದರು, ಎರಡನೆಯದಕ್ಕೆ ಅಷ್ಟು ಸಿಕ್ಕಿತು. ಭಾವನಿಗೆ? ಖಾಸಗಿ ಕಂಪನಿ. ಕಾಯ್ದೆಯ ಪ್ರಕಾರ ಅಪ್ಪನಿಗೆ ಒಂದು ದಿನವೂ ಇಲ್ಲ.

ಸ್ವೀಡನ್‌ನವರು ತಾಯಿಯ ರಜೆಯನ್ನು ತಂದೆ-ತಾಯಿ ಇಬ್ಬರ ರಜೆ ಮಾಡಿದ್ದು 1974ರಲ್ಲೇ. ಈಗ ಒಂದು ಮಗುವಿಗೆ 480 ದಿನ. ಅದರಲ್ಲಿ 90 ದಿನ ಅಪ್ಪನ ಪಾಲಿಗೇ ಮೀಸಲು, ಅಮ್ಮನಿಗೂ ಅಷ್ಟೇ. ಈ ಮೀಸಲು ದಿನಗಳಲ್ಲಿ ಒಬ್ಬರದನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ.

ಮಗಳನ್ನು ನೋಡಿಕೊಳ್ಳಲು ನಾನು ಆರು ತಿಂಗಳು ರಜೆ ಹಾಕುತ್ತೇನೆ ಅಂದಾಗ ಫೋನಿನಲ್ಲಿ ಅಪ್ಪ, "ಗಂಡಸು ಅಷ್ಟು ದಿನ ಮನ್ಯಾಗ ಕುಂತ್ರ ನೌಕರಿ ಉಳಿತೈತೇನೋ?" ಅಂದರು. ಹಿಂದಿನಿಂದ ಅವ್ವನ ದನಿ: "ಕುಂದರ್ಲಿ ಬಿಡ್ರಿ. ನೀವೂ ಮನ್ಯಾಗ ಇದ್ರಿ. ಕೂಸು ಎತ್ಕೊಂಡಿದ್ರೇನು?"

ಅಪ್ಪ ಸುಮ್ಮನಾದರು. ನಾನೂ ಕೂಡ. ಕಣ್ಣೆದುರು ಇರುವುದಕ್ಕೂ ಕೂಸನ್ನು ಸಂಬಾಳಿಸುವುದಕ್ಕೂ ಎಷ್ಟು ಅಂತರ ಇದೆ ಅಂತ ಆ ಆರು ತಿಂಗಳಲ್ಲಿ ನನಗೆ ಗೊತ್ತಾಯಿತು. ಯಾವ ಅಳು ಹಸಿವಿನದು, ಯಾವುದು ನಿದ್ದೆಯದು ಅಂತ ತಿಳಿಯಲು ಮೊದಲ ತಿಂಗಳು ಪೂರ್ತಿ ಹೋಯಿತು. ಇಡೀ ದಿನ ನನ್ನ ಮಾತೇ ಕಿವಿಗೆ ಬಿದ್ದು, ಡೇ ಕೇರ್‌ಗೆ ಸೇರುವ ಹೊತ್ತಿಗೆ ಮಗಳು ಚಮಚ ದೂಡಿ "ಒಲ್ಲೆ" ಅನ್ನಲು ಕಲಿತಿದ್ದಳು. ಅಲ್ಲಿನ ಶಿಕ್ಷಕಿಗೆ ಆ ಪದದ ಅರ್ಥ ಹೇಳಿಕೊಟ್ಟೆ.

ತಂಗಿ, ಅತ್ತೆಯವರು ಬರಲಿ, ಮೊಮ್ಮಗುವಿನ ಜೊತೆ ಇರಲಿ. ಆದರೆ ಅವರನ್ನು ಕೆಲಸಕ್ಕೆ ಕರೆಸಿದ ಹಾಗೆ ಆಗಬಾರದು ಅಲ್ವಾ? 2024ರ ಜುಲೈಯಿಂದ ಅಪ್ಪ, ಅಮ್ಮ ತಲಾ 45 ದಿನದವರೆಗೆ ರಜೆಯನ್ನು ಅಜ್ಜ-ಅಜ್ಜಿಗೂ ಬಿಟ್ಟುಕೊಡಬಹುದು ನಿಜ, ಆದರೆ ಅವರು ಇಲ್ಲಿನ ಸಾಮಾಜಿಕ ವಿಮೆಯಲ್ಲಿ ಇರಬೇಕು. ಊರಿಂದ ಸುಮ್ನೆ ನೋಡಲು ಬಂದವರಿಗೆ ಅದು ಸಿಗುವುದಿಲ್ಲ. ನೀವು ಕೆಲಸ ಬಿಡುವ ಮಾತು ಈಗಲೇ ಬೇಡ. ನಿಮ್ಮ ಯಜಮಾನರು ತಮ್ಮ ದಿನಗಳಲ್ಲಿ ಎಷ್ಟು ಬಳಸಿದ್ದಾರೆ? ಮಗುವಿಗೆ ನಾಲ್ಕು ತುಂಬಿದ ಮೇಲೆ ಇಬ್ಬರದೂ ಸೇರಿ 96 ದಿನ ಮಾತ್ರ ಉಳಿಸಿಕೊಳ್ಳಬಹುದು. ಇವತ್ತು ರಾತ್ರಿ ಇಬ್ಬರೂ ಕೂತು ಎಣಿಸಿ ನೋಡಿ.